ಸಮಿತಿಗೆ ಎಸೆದ ಎಲುಬು

ಹೊಸ ಒಪೆರಾ ರಂಗಕ್ಕೇರಬೇಕಾದರೆ ಮೊದಲು ಸಮಿತಿಯ ಕಿವಿಗೆ ಬೀಳಬೇಕು. ಮಹಾಯುದ್ಧ ಮುಗಿದ ಆ ವರ್ಷಗಳಲ್ಲಿ, ರಷ್ಯಾದ ಸರಾತೋವ್ ನಗರದ ಸಂಗೀತಗಾರರ ಸಂಘದಲ್ಲಿ ಅದಕ್ಕೊಂದು ಕ್ರಮವಿತ್ತು. ಸಂಯೋಜಕ ಪಿಯಾನೋ ಮುಂದೆ ಕೂತು ಇಡೀ ಒಪೆರಾವನ್ನು ಒಬ್ಬನೇ ಒಪ್ಪಿಸಬೇಕು. ನಾಯಕಿಯೂ ಅವನೇ, ಖಳನೂ ಅವನೇ, ಮೇಳವೂ ಅವನೇ. ಗಂಟಲು ಕಟ್ಟಿದ ಐವತ್ತೈದರ ಗಂಡಸು ಹದಿನೆಂಟರ ಹುಡುಗಿಯಾಗಿ ಹಾಡುವಾಗ ಯಾರೂ ನಗುವಂತಿರಲಿಲ್ಲ. ಕೊನೆಗೆ ಬೈಗುಳ ತಿಂದು, ಎದ್ದು ನಿಂತು, ಧನ್ಯವಾದ ಹೇಳಬೇಕು.

ಸಂಯೋಜಕ ಗ್ಲೇಬ್ ಸವೇಲ್ಯೆವಿಚ್ ಮೂರು ಸಲ ಹೀಗೆ ಧನ್ಯವಾದ ಹೇಳಿದ್ದ. ಈ ನಾಲ್ಕನೆಯದು ಬೇರೆ. ಇದರ ಮೂರನೇ ಅಂಕದಲ್ಲಿ, ಯುದ್ಧದಿಂದ ಹಿಂದಿರುಗದ ಮಗನಿಗಾಗಿ ದೋಣಿಯವನ ಹೆಂಡತಿ ಅಳುವ ಹಾಡೊಂದಿತ್ತು. ಆ ಹಾಡು ಅವನ ಸ್ವಂತದ್ದಲ್ಲ, ಅವನ ಹೆಂಡತಿ ಅಗ್ನಿಯಾಳದು. ಮಗ ಕೋಸ್ತ್ಯಾ ರಣದಲ್ಲಿ ಕಾಣೆಯಾದನೆಂಬ ಕಾಗದ ಬಂದ ಚಳಿಗಾಲದಲ್ಲಿ ಅವಳು ಬಟ್ಟೆ ಹಿಂಡುತ್ತಾ, ತನ್ನ ಹಳ್ಳಿಯ ಹೆಂಗಸರ ಹಾಗೆ, ಅವನ ಹೆಸರು ಕರೆದು ರಾಗವಾಗಿ ಅಳುತ್ತಿದ್ದಳು. ಇವನು ಬಾಗಿಲ ಹಿಂದೆ ನಿಂತು ಅದನ್ನು ಬರೆದುಕೊಂಡ. ಸೂತಕದ ಮನೆಯಲ್ಲಿ ಇಂಥ ಕಳ್ಳತನ! ಗೊತ್ತಾದಾಗ ಅಗ್ನಿಯಾ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಹೇಳಿದಳು:

"ಬರೆದದ್ದು ಬರೆದೆ, ಇನ್ನು ಅರ್ಧಕ್ಕೆ ಬಿಡ್ಬೇಡ. ನನ್ನ ಕಂದನಿಗೆ ಗೋರಿ ಅಂತ ಒಂದಿಲ್ಲ. ಇದೇ ಇರ್ಲಿ. ನಾಲ್ಕು ಜನ ಕೇಳ್ಲಿ."

ಆದರೆ ಸಮಿತಿಗೆ ಅಳು ಆಗದು. ಗೆದ್ದ ದೇಶದಲ್ಲಿ ಅಳುವುದೇನು ಬಂತು ಎನ್ನುವ ಜನ. ಅದಕ್ಕೇ ಗ್ಲೇಬ್ ಹಳಬರ ಉಪಾಯವೊಂದನ್ನು ಹೂಡಿದ. ಸಂಗೀತಗಾರರ ಬಾಯಲ್ಲಿ ಅದರ ಹೆಸರು 'ಎಲುಬು'. ನೋಡಿದವರೆಲ್ಲ ತೆಗೆದುಹಾಕು ಎನ್ನಲೇಬೇಕಾದಂಥ ಪೆದ್ದು ತುಣುಕೊಂದನ್ನು ಬೇಕೆಂದೇ ಸೇರಿಸುವುದು; ಸಮಿತಿ ಅದನ್ನು ಕಚ್ಚಿಕೊಂಡು ಹೋಗುತ್ತದೆ, ಉಳಿದದ್ದು ಬದುಕಿಕೊಳ್ಳುತ್ತದೆ. ಎರಡನೇ ಅಂಕಕ್ಕೆಂದು ಮೀನುಗಾರರ ಕುಣಿತವೊಂದನ್ನು ಒಂದೇ ಮಧ್ಯಾಹ್ನದಲ್ಲಿ ಗೀಚಿದ. ಟಪಟಪ ಹೆಜ್ಜೆ, ಬಕೆಟ್ಟಿನ ಬಡಿತ, ಕೊನೆಗೊಂದು ಕೇಕೆ.

ಒಪ್ಪಿಸುವ ದಿನ ಸಮಿತಿಯ ಮುಂದೆ ಎರಡೂವರೆ ಗಂಟೆ ನುಡಿಸಿ, ಹಾಡಿ, ಬೆವರೊರೆಸಿಕೊಂಡು ಕೂತ. ಅಧ್ಯಕ್ಷ ತಾರಾಸ್ ಲುಕಿಚ್, ಒಂದು ಕಾಲಕ್ಕೆ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವನು, ಚಹಾದ ಲೋಟ ಕೆಳಗಿಟ್ಟ.

"ಗ್ಲೇಬ್ ಸವೇಲ್ಯೆವಿಚ್, ಆ ಮೀನುಗಾರರ ಕುಣಿತ ಇದ್ಯಲ್ಲಾ..."

ಕಚ್ಚಿತು ಅಂದುಕೊಂಡ ಗ್ಲೇಬ್. "ಸ್ವಲ್ಪ ಒರಟಾಯ್ತು, ಕಾಮ್ರೇಡ್. ತೆಗೆದ್ಬಿಡ್ತೀನಿ."

"ತೆಗೆಯೋದಾ? ತಲೆಗಿಲೆ ಕೆಟ್ಟಿದ್ಯಾ? ಇಪ್ಪತ್ತು ವರ್ಷದಿಂದ ನಿಮ್ಮ ಸಂಗೀತ ಕೇಳ್ತಿದ್ದೀನಿ, ನನ್ನ ಕಾಲು ಅಲ್ಲಾಡಿದ್ದು ಇವತ್ತೇ! ಇಂಥದ್ದನ್ನ ಎರಡನೇ ಅಂಕದಲ್ಲಿ ಮುಚ್ಚಿಟ್ಟಿದ್ದೀರಲ್ರೀ. ಮೂರನೇದಕ್ಕೆ ತನ್ನಿ, ಆ ಮುದುಕಿ ಗೋಳಾಡೋ ಜಾಗಕ್ಕೆ. ಅವಳೂ ಎದ್ದು ಕುಣೀಲಿ. ಮಗ ವಾಪಸ್ ಬರ್ಲಿ."

"ಮಗ ಬರಲ್ಲ," ಎಂದ ಗ್ಲೇಬ್.

"ಯಾಕೆ ಬರಲ್ಲ? ನೀವು ಬರೆದ್ರೆ ಬರ್ತಾನೆ."

ಸುತ್ತ ಕೂತವರು ನಕ್ಕರು. ಮೂವತ್ತು ವರ್ಷ ಪಳಗಿದ ಕೈ, ಕೆಟ್ಟದ್ದು ಬರೆಯಲು ಹೊರಟರೂ ಅದಕ್ಕೆ ಬಾರದು. ಇಷ್ಟು ಸಣ್ಣ ವಿಷಯ ಆ ಜಾಣನಿಗೆ ಹೊಳೆದಿರಲಿಲ್ಲ. ಇಲ್ಲವೆನ್ನಬಹುದಿತ್ತು. ಹಿಂದೆ ಇದೇ ಕೋಣೆಯಲ್ಲಿ ಇಲ್ಲವೆಂದ ಇನ್ನೊಬ್ಬ ಸಂಯೋಜಕ ಈಗೆಲ್ಲಿದ್ದಾನೆಂದು ಅವನ ಹೆಂಡತಿಗೂ ತಿಳಿಯದು. ಗ್ಲೇಬ್ ಎದ್ದು ನಿಂತು ಧನ್ಯವಾದ ಹೇಳಿದ. ಹೇಡಿ ಎನ್ನುವವರು ಆ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಲಿ.

ಮೊದಲ ಪ್ರದರ್ಶನದಲ್ಲಿ, ಅಳುವ ಹಾಡಿನ ಜಾಗಕ್ಕೆ ಬಂದ ಕುಣಿತವನ್ನು ಮತ್ತೊಮ್ಮೆ ಆಗಲಿ ಎಂದು ಜನ ಮೂರು ಸಲ ಕೇಳಿದರು. ಮಕ್ಕಳನ್ನು ಕಳೆದುಕೊಂಡ ಹೆಂಗಸರೇ ಅರ್ಧ ತುಂಬಿದ್ದ ಸಭೆ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿತು. ಸಂಯೋಜಕನ ಹೆಂಡತಿ ಏನು ಮಾಡುತ್ತಾಳೆಂದು ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಅಗ್ನಿಯಾ ತಾನೂ ತಟ್ಟಿದಳು, ಅಂಗೈ ಕೆಂಪಾಗುವವರೆಗೆ.

ಆಮೇಲೆ ಕುಣಿತ ರೇಡಿಯೋಗೆ ಹೋಯಿತು, ಕಾರ್ಖಾನೆಗಳ ವಾದ್ಯಮೇಳಕ್ಕೆ ಹೋಯಿತು. ಅಗ್ನಿಯಾ ಮಾತ್ರ ಬಟ್ಟೆ ಹಿಂಡುವಾಗ ಈಗ ರಾಗವಾಗಿ ಅಳುತ್ತಿರಲಿಲ್ಲ. ವಸಂತದ ಒಂದು ಬೆಳಿಗ್ಗೆ ಗ್ಲೇಬನಿಗೆ ತಡೆಯಲಾಗಲಿಲ್ಲ.

"ನನ್ನ ಮೇಲಿನ ಸಿಟ್ಟಿಗೆ ಅವನಿಗಾಗಿ ಅಳೋದನ್ನೂ ಬಿಟ್ಟುಬಿಟ್ಯಾ?"

ಅವಳು ಒದ್ದೆ ಕೈ ಒರೆಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಬಿಟ್ಟಿಲ್ಲ, ಗ್ಲೇಬ್. ನಿನ್ನೆ ಅವನು ಹುಟ್ಟಿದ ದಿನ. ಅಳೋಣ ಅಂತಲೇ ಕೂತೆ. ಕೋಸ್ತ್ಯಾ ಅಂತ ಕರೆದೆ. ಬಾಯಿಗೆ ನಿನ್ನ ಆ ಕುಣಿತವೇ ಬಂತು."