ಪಂಪಣ್ಣನ ಹೊಲದಲ್ಲಿ ಸೊಪ್ಪಿಲ್ಲ

ನೀರು ತುಂಬಿದ ಕೊಡ ಎತ್ತಲು ಹೋದ ಸೊಸೆ ಅಲ್ಲೇ ಕುಸಿದು ಕೂತಳು. ಕಣ್ಣಿಗೆ ಕತ್ತಲೆ ಕಟ್ಟಿತ್ತು. ಏಳು ತಿಂಗಳ ಬಸುರಿ.

"ಬಸುರೀರಿಗೆ ತಲೆ ಸುತ್ತೋದೇನು ಹೊಸದಾ?" ಎಂದ ಗಂಡ. ಮಾತಿನಲ್ಲಿದ್ದ ಧೈರ್ಯ ಮುಖದಲ್ಲಿರಲಿಲ್ಲ. ಹೋದ ಸಲವೂ ಹೀಗೇ ಆಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಗು ಉಳಿಯಲಿಲ್ಲ.

ಊರಿನವರು ಇವನನ್ನು ಪಂಪಣ್ಣ ಎನ್ನುತ್ತಾರೆ. ಹೊಲಕ್ಕೆ ಕಳೆನಾಶಕ ಔಷಧಿ ಸಿಂಪಡಿಸುವ ಪಂಪು ಸದಾ ಬೆನ್ನ ಮೇಲೆ. ಮಲಗುವಾಗಲಾದರೂ ಇಳಿಸುತ್ತಾನೋ, ಅದಕ್ಕೂ ಒಂದು ದಿಂಬು ಹಾಕುತ್ತಾನೋ ಎಂದು ನೆರೆಯವರ ತಮಾಷೆ.

ಸುದ್ದಿ ತಿಳಿದು ನರ್ಸಕ್ಕ ಮನೆಗೇ ಬಂದಳು. ಸೊಸೆಯ ಕೆಳರೆಪ್ಪೆ ಎಳೆದು ನೋಡಿದಳು. ಬೆರಳು ಚುಚ್ಚಿ ರಕ್ತ ನೋಡಿದಳು.

"ರಕ್ತದ ಅಂಶ ಎಂಟಿದೆ. ಹನ್ನೊಂದಾದ್ರೂ ಇರ್ಬೇಕು. ಕಬ್ಬಿಣದ ಮಾತ್ರೆ ತಗೋತಿದೀಯಾ?"

"ಹೊಟ್ಟೆ ತೊಳಸುತ್ತಕ್ಕಾ. ಬಿಟ್ಟುಬಿಟ್ಟೆ."

"ಊಟ ಆದ್ಮೇಲೆ ತಗೋ, ತಡ್ಕೊಳುತ್ತೆ. ಟೀ ಜೊತೆ ಮಾತ್ರ ಬೇಡ. ಊಟಕ್ಕೇನು?"

"ಅನ್ನ."

"ಅನ್ನದ ಜೊತೆ?"

ಸೊಸೆ ಅತ್ತೆಯ ಮುಖ ನೋಡಿದಳು. "ಉಪ್ಪು, ಖಾರ" ಎಂದಳು.

"ಸೊಪ್ಪು, ಕಾಳು ಏನೂ ಇಲ್ವಾ?"

ಪಂಪಣ್ಣನಿಗೆ ರೇಗಿತು. "ಸೊಪ್ಪು ಮೇಯೋಕೆ ನಾವೇನು ಮೇಕೆಗಳಾ ಅಕ್ಕಾ? ದುಡ್ಡು ಕೊಟ್ಟು ತರೋಷ್ಟು ಸಿರಿವಂತರೂ ಅಲ್ಲ."

"ಸೊಪ್ಪಿಗೆ ನಾವು ಯಾವತ್ತು ದುಡ್ಡು ಕೊಟ್ಟಿದ್ವೋ?" ಎಂದಳು ಅವನ ತಾಯಿ. "ಇವಳು ಬಂದ ಹೊಸದ್ರಲ್ಲಿ ಕಳೆ ಕೀಳೋಕೆ ಹೋದ್ರೆ ಮಡಿಲು ತುಂಬ ಸೊಪ್ಪು ತರ್ತಿದ್ಲು. ಕೀರೆ, ಗೋಣಿ ಸೊಪ್ಪು, ಹೊನಗೊನೆ. ಬಿತ್ತಿದ್ದೂ ಅಲ್ಲ, ಕೊಂಡಿದ್ದೂ ಅಲ್ಲ. ಆಮೇಲೆ ಸಿಕ್ಕಿದ ನೋಡು ನಿನಗೆ, ಆ ಔಷಧಿ ಅಂಗಡಿಯವನು!"

ಅವಳು ಎದ್ದು ಹೊಟ್ಟೆ ಮುಂದೆ ಮಾಡಿ, ಅಂಗಡಿಯವನ ಹಾಗೇ ಮೂಗಿನಲ್ಲಿ ರಾಗ ತೆಗೆದಳು: "ಒಂದೇ ಒಂದ್ಸಲ ಹೊಡೀರಿ ಯಜಮಾನ್ರೇ! ಹೊಲ ನನ್ನ ಬೋಳು ತಲೆ ಥರ ಆಗ್ಲಿಲ್ಲಾ ಅಂದ್ರೆ ಕೇಳಿ!"

ನರ್ಸಕ್ಕ ನಕ್ಕಳು. ಸೊಸೆಯೂ ಸುಸ್ತಿನಲ್ಲೇ ನಕ್ಕಳು. ಪಂಪಣ್ಣ ನಗಲಿಲ್ಲ.

"ಇವಳಿಗೋಸ್ಕರ ಹೊಡ್ದೆ ಅಮ್ಮಾ. ಬಸುರಿ ಬಿಸಿಲಲ್ಲಿ ಬಗ್ಗಿ ಕಳೆ ಕೀಳೋದು ಬೇಡ ಅಂತ."

ಅವನು ಹೇಳಿದ್ದು ನಿಜ. ಮೊದಲ ಬಸುರಿನಲ್ಲಿ ಅವಳ ಸೊಂಟಕ್ಕೆ ಬಿಡುವು ಸಿಕ್ಕಿತ್ತು. ಅದೇ ಹೊತ್ತಿಗೆ ತಟ್ಟೆಯಿಂದ ಸೊಪ್ಪು ಮಾಯವಾದದ್ದು ಯಾರ ಗಮನಕ್ಕೂ ಬರಲಿಲ್ಲ. ಅದನ್ನು ಬೆಳೆ ಎಂದು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ.

"ಅಕ್ಕಾ," ಪಂಪಣ್ಣನ ದನಿ ಇಳಿದಿತ್ತು, "ಹೋದ ಸಲದ ಮಗು... ಅದಕ್ಕೂ ಇದೇ ಕಾರಣಾನಾ?"

ನರ್ಸಕ್ಕ ರಕ್ತ ಪರೀಕ್ಷೆಯ ಡಬ್ಬಿ ಮುಚ್ಚಿದಳು. "ಗೊತ್ತಿಲ್ಲಪ್ಪ. ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ತಾಯಿಗೆ ರಕ್ತ ಕಮ್ಮಿಯಾದ್ರೆ ಮಗು ಬೇಗ ಹುಟ್ಟೋ ಭಯ ಜಾಸ್ತಿ. ಅಷ್ಟು ಗೊತ್ತು."

"ಹಾಗಾದ್ರೆ ಇವಳು ಮತ್ತೆ ಕಳೆ ಕೀಳ್ಬೇಕಾ?"

"ಇವಳ್ಯಾಕೋ? ನಿನ್ನ ಸೊಂಟಕ್ಕೇನಾಗಿದೆ?" ಎಂದಳು ತಾಯಿ. "ನಿಮ್ಮಪ್ಪ ಜೋಳದ ಸಾಲಿನ ನಡುವೆ ಅಲಸಂದೆ ಹಾಕ್ತಿದ್ರು. ಬಳ್ಳಿ ನೆಲ ಮುಚ್ಚಿದ್ರೆ ಕಳೇನೂ ಕಮ್ಮಿ, ಮಣ್ಣಿಗೂ ಸಾರ, ನಮಗೂ ಕಾಳು."

"ಔಷಧಿ ಹೊಡೆದ ಹೊಲದ ಸೊಪ್ಪು ಮಾತ್ರ ಕಿತ್ತು ತರಬೇಡಿ," ಎಂದಳು ನರ್ಸಕ್ಕ. "ಗುರುತಿಲ್ಲದ್ದೂ ಬೇಡ. ಸೊಪ್ಪು ತಿಂದ್ರೆ ಸಾಕು ಅಂತ ಮಾತ್ರೆ ಬಿಡೋದೂ ಬೇಡ. ಎರಡೂ ಬೇಕು. ಊಟಕ್ಕೆ ಒಂದಿಷ್ಟು ನಿಂಬೆಹುಳಿ ಹಿಂಡ್ಕೋ, ಸೊಪ್ಪಿನಲ್ಲಿರೋ ಕಬ್ಬಿಣ ಮೈಗೆ ಹತ್ತುತ್ತೆ."

ಮರುದಿನ ತಾಯಿ, ಮಗ ಹೊಲಕ್ಕೆ ಹೋದರು. ಸಾಲುಗಳ ನಡುವೆ ನೆಲ ಗುಡಿಸಿಟ್ಟ ಹಾಗಿತ್ತು. ಹುಡುಕಿದರೂ ಒಂದು ಕೀರೆ ಗಿಡವಿಲ್ಲ. ತಾಯಿ ಮಣ್ಣು ಹಿಡಿದು ಪುಡಿ ಮಾಡಿ ನೋಡಿದಳು. "ಇದು ಸುಧಾರಿಸ್ಕೊಳ್ಳೋಕೆ ಟೈಮ್ ಬೇಕು ಕಣೋ" ಎಂದಳು.

ಪಂಪಣ್ಣ ಪಕ್ಕದ ಮನೆಯಿಂದ ಒಂದು ಹಿಡಿ ಕೀರೆ ಬೀಜ ತಂದು, ಮನೆಯ ಹಿಂದೆ, ಔಷಧಿ ಎಂದೂ ಬೀಳದ ಜಾಗದಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿ ಮಾಡಿದ. ಅದು ಬರುವತನಕ ಸೊಪ್ಪು, ಮೊಟ್ಟೆ ಕೊಂಡೇ ತಂದ. ಹೆಂಡತಿ ಉಂಡು ಎದ್ದ ಮೇಲೆ ತನ್ನ ತಟ್ಟೆ ಹಾಕಿಕೊಂಡ.

"ನೀವೂ ಕೂತ್ಕೊಳ್ರೀ, ನನಗೊಬ್ಬಳಿಗೇ ತಿನ್ನೋಕೆ ನಾಚಿಕೆಯಾಗುತ್ತೆ."

"ನಾಚಿಕೆ ಆಮೇಲೆ. ಮೊದಲು ಉಣ್ಣು."

ಮುಂದಿನ ತಿಂಗಳು ನರ್ಸಕ್ಕ ಮತ್ತೆ ರಕ್ತ ನೋಡಿದಳು. "ಏರಿದೆ. ಆದರೂ ಸಾಲದು. ಹೆರಿಗೆ ಮನೇಲಿ ಬೇಡ, ಆಸ್ಪತ್ರೆಗೇ ಬನ್ನಿ." ಪಂಪಣ್ಣ ತಲೆಯಾಡಿಸಿದ. ಹಿತ್ತಲಿನ ಸೊಪ್ಪು ಆಗಷ್ಟೇ ಕೊಯ್ಲಿಗೆ ಬಂದಿತ್ತು.

ಓದುವವರೇ, ಕೇಳುವವರೇ, ಆ ಮಗು ಇನ್ನೂ ಹುಟ್ಟಿಲ್ಲ. ಏನಾಗುತ್ತದೋ, ಆ ಮನೆಯವರಿಗೂ ಗೊತ್ತಿಲ್ಲ. ನೀವು ಏಳನೇ ತಿಂಗಳವರೆಗೆ ಕಾಯಬೇಡಿ. ಬಸುರಿಗೆ ಮೊದಲ ತಿಂಗಳುಗಳಲ್ಲೇ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸಬೇಡಿ. ಬೆಳೆಯ ನಡುವೆ ಕಾಳು ಹಾಕಿ. ಮನೆಯ ಊಟಕ್ಕೆಂದು ಒಂದು ಮೂಲೆಯನ್ನಾದರೂ ಔಷಧಿ ಸೋಕದಂತೆ ಬಿಡಿ. ಅಲ್ಲಿ ಬೆಳೆದದ್ದು ಸಂತೆಗೆ ಹೋಗುವ ಮೊದಲು ಅವಳ ತಟ್ಟೆಗೆ ಬೀಳಲಿ.