ಇನ್ಸ್‌ಪೆಕ್ಟರ್ ಒಳಗೆ ಬಂದ ಮಧ್ಯಾಹ್ನ

ಬೀದಿಯವರೆಲ್ಲ ಅವಳನ್ನು ಕೇಕಮ್ಮ ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿಯ ಮನೆಯ ಅಡುಗೆಮನೆಯಲ್ಲೇ ಹುಟ್ಟುಹಬ್ಬದ ಕೇಕು ಮಾಡಿ ಮಾರುವುದು ಅವಳ ಕಸುಬು. ಗಂಡ ಲಿಫ್ಟ್ ಮೆಕ್ಯಾನಿಕ್. ಬೆಳಗ್ಗೆ ಹೋದರೆ ಯಾರದೋ ಕಟ್ಟಡದ ಕತ್ತಲೆ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು ಸಂಜೆ ಬರುವವನು. ಮಾವ ಒಂದು ಕಾಲಕ್ಕೆ ವಾಚ್ ರಿಪೇರಿಗೆ ಹೆಸರಾದವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಹಿಂದಿನ ಕೋಣೆಯಲ್ಲಿ, ಬಾಲ್ಕನಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೇಳಿದರೂ ಒಮ್ಮೊಮ್ಮೆ ಮಾತ್ರ ಉತ್ತರ. ಇವರ ನಡುವೆ, ಆಗಷ್ಟೇ ಅಂಬೆಗಾಲಿಡಲು ಕಲಿತು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಗಳು ಪುಟ್ಟಿ.

ಕೋತಿ ಬರಲು ಶುರುವಾದದ್ದು ಬೇಸಿಗೆಯ ಮೊದಲಲ್ಲಿ. ಗುಂಪಿಲ್ಲದ ಒಂಟಿ ಗಂಡು. ನಾಯಿಯಷ್ಟು ದಪ್ಪ, ಒಂದು ಕಿವಿ ಅರ್ಧ ಹರಿದಿತ್ತು. ಕಟ್ಟಡದ ಪೈಪು ಹಿಡಿದು ಮಹಡಿ ಮಹಡಿಯ ಕಿಟಕಿಗೂ ಇಣುಕಿ, ಗ್ರಿಲ್ ಅಲ್ಲಾಡಿಸಿ, ಮುಂದಕ್ಕೆ ಹೋಗುತ್ತಿತ್ತು. ಅದರ ಗತ್ತು ನೋಡಿ ಅವಳ ಗಂಡನೇ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟ. "ಏನಮ್ಮ, ಸಾಹೇಬ್ರ ರೌಂಡ್ಸ್ ಮುಗೀತಾ ಇವತ್ತು?" ಎಂದು ಬೂಟು ಬಿಚ್ಚುತ್ತಲೇ ಕೇಳುತ್ತಿದ್ದ.

ಅವಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂದು ದಿನ ಕೇಕಿನ ಡಬ್ಬ ಹಿಡಿದು ಮೆಟ್ಟಿಲಿಳಿಯುವಾಗ ಅದು ತಿರುವಿನಲ್ಲಿ ಕೂತಿತ್ತು. ಡಬ್ಬಕ್ಕೆ ಕೈ ಹಾಕಿತು. ಅವಳು ಗಾಬರಿಯಲ್ಲಿ ಚಪ್ಪಲಿ ಕಾಲಲ್ಲಿ ಒದ್ದಳು. ಒದೆ ಬಿತ್ತೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಅಂದಿನಿಂದ ಕೆಳಗಿನ ಮನೆಯ ನರ್ಸಕ್ಕ ಹೋದರೆ ದಾರಿ ಬಿಡುತ್ತಿದ್ದ ಪ್ರಾಣಿ, ಇವಳನ್ನು ಕಂಡರೆ ಹಲ್ಲು ಕಿರಿಯುತ್ತಿತ್ತು. ಒಗೆದ ಬಟ್ಟೆ ಹರವಲು ಮೇಲೆ ಹೋದರೆ ನೀರಿನ ಟ್ಯಾಂಕಿನ ಹಿಂದಿನಿಂದ ಎದ್ದು ಬರುತ್ತಿತ್ತು. ಅವಳು ಒದ್ದೆ ಬಟ್ಟೆಯನ್ನು ಹಾಗೇ ಬಿಟ್ಟು ಓಡಿ ಬಂದದ್ದೂ ಇದೆ.

"ನನ್ನನ್ನೇ ಗುರುತಿಟ್ಕೊಂಡಿದೆ ಕಣ್ರೀ. ಬೇರೆ ಯಾರನ್ನೂ ಹಾಗೆ ನೋಡಲ್ಲ."

"ನಿನ್ನ ಮೈಯೆಲ್ಲ ಸಕ್ಕರೆ ವಾಸನೆ ಕಣೇ. ಇರುವೆ ಮುತ್ತದೇ ಇರೋದೇ ಪುಣ್ಯ," ಎಂದು ಗಂಡ ಮಗ್ಗುಲಾದ.

ಅರಣ್ಯ ಇಲಾಖೆಯ ಕಚೇರಿಗೆ ಫೋನು ಮಾಡಿದರೆ ಅಲ್ಲಿಯವರು ಕಿಟಕಿ ಮುಚ್ಚಿಕೊಳ್ಳಿ ಎಂದರು. ಮುಚ್ಚಿದಳು. ಓವನ್ ಹೊತ್ತಿಸಿದರೆ ಅಡುಗೆಮನೆ ಕುಲುಮೆಯಾಗುತ್ತಿತ್ತು, ಕ್ರೀಮು ಕರಗಿ ಜಾರುತ್ತಿತ್ತು. ಆದರೂ ಮುಚ್ಚಿಯೇ ಇಟ್ಟಳು. ಅಷ್ಟಾದರೂ ಅದು ಬರುವುದು ನಿಲ್ಲಲಿಲ್ಲ. ನಿಮ್ಮ ಕೇಕಿನಿಂದಲೇ ಇದು ಕಟ್ಟಡಕ್ಕೆ ಅಂಟಿಕೊಂಡಿರುವುದು ಎಂದು ಅಕ್ಕಪಕ್ಕದವರು ಮುಖದ ಮೇಲೆ ಹೇಳಿದರು. ಅವಳು ತಲೆ ತಗ್ಗಿಸಿದಳು. ತನಗೂ ಹಾಗೇ ಅನ್ನಿಸಿತ್ತು.

ಆ ದಿನ ಮಾವ ಕಣ್ಣಿನ ತಪಾಸಣೆಗೆಂದು ಬೆಳಗ್ಗೆಯೇ ಹೋಗಿದ್ದರು. ಗಂಡ ಕೆಲಸದಲ್ಲಿದ್ದ. ಊಟ ಮುಗಿಸಿ ಪುಟ್ಟಿಯನ್ನು ನಡುಮನೆಯ ಹಾಸಿಗೆಯಲ್ಲಿ ಮಲಗಿಸಿ, ಮುಂಬಾಗಿಲ ಚಿಲಕ ಹಾಕಿ, ಅವಳು ಸಂಜೆಯ ಕೇಕಿಗೆ ಕೂತಳು. ತಿರುಗುವ ಮಣೆಯ ಮೇಲೆ ಕೇಕಿಟ್ಟು, ಕ್ರೀಮು ತುಂಬಿದ ಚೀಲ ಹಿಚುಕಿ ಅಂಚಿಗೆ ಗುಲಾಬಿ ಬಿಡಿಸತೊಡಗಿದಳು. ಆ ಕೆಲಸದಲ್ಲಿ ಉಸಿರು ಕೂಡ ಅಳೆದು ಬಿಡಬೇಕು.

ಮಾವನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು.

"ಮಾವ, ಇಷ್ಟು ಬೇಗ ಬಂದ್ರಾ? ಡಾಕ್ಟರು ಏನಂದ್ರು?"

ಉತ್ತರವಿಲ್ಲ. ಅವರು ಹಾಗೇ ತಾನೆ ಎಂದುಕೊಂಡು ಮತ್ತೊಂದು ಗುಲಾಬಿ ಬಿಡಿಸಿದಳು. ಮೇಜಿನ ಮೇಲೆ ಯಾರೋ ಅಂಗೈಯಿಂದ ಬಡಿದಂತಾಯಿತು. ಒಮ್ಮೆ, ಮತ್ತೆ ಒಮ್ಮೆ, ಕೇಳಿದ್ದನ್ನು ತಂದುಕೊಡಲಿಲ್ಲವೆಂದು ಸಿಟ್ಟಾದವರ ಹಾಗೆ. ಆಗ ಅವಳಿಗೆ ನೆನಪಾಯಿತು. ಮುಂಬಾಗಿಲ ಚಿಲಕ ಹಾಕಿದ್ದು ತಾನೇ. ಮಾವ ಒಳಗೆ ಬಂದದ್ದಾದರೂ ಹೇಗೆ?

ಕೈಯಲ್ಲಿದ್ದ ಚೀಲವನ್ನು ಕೆಳಗಿಡಲೂ ತೋಚದೆ ನಡುಮನೆಯ ಬಾಗಿಲಿಗೆ ಬಂದಳು.

ಇನ್ಸ್‌ಪೆಕ್ಟರ್ ಹಾಸಿಗೆಯ ಪಕ್ಕದಲ್ಲಿ ಕೂತಿತ್ತು. ಪುಟ್ಟಿಯ ಪಾದವೊಂದು ಅದರ ಕೈಯಲ್ಲಿತ್ತು. ಅದನ್ನು ಮೂಗಿನ ಬಳಿ ಹಿಡಿದು ಮೂಸುತ್ತಿತ್ತು. ಪುಟ್ಟಿ ಎದ್ದಿದ್ದಳು. ಅಳುತ್ತಿರಲಿಲ್ಲ. ಹೊಸ ಆಟಿಕೆ ಸಿಕ್ಕಂತೆ ಅದರ ಎದೆಯ ಕೂದಲಿಗೆ ಕೈ ಚಾಚುತ್ತಿದ್ದಳು.

ಮಗು ಹೆದರಬಾರದೆಂದು ಅವಳು, ತನಗರಿವಿಲ್ಲದೆ, ಮಗುವಿನ ಕಡೆ ನಕ್ಕಳು. ನಕ್ಕದ್ದೇ ತಪ್ಪಾಯಿತು. ಅವಳ ಹಲ್ಲು ಕಂಡದ್ದೇ ಕೋತಿ ಹುಬ್ಬು ಮೇಲೇರಿಸಿ ತನ್ನ ಹಲ್ಲು ತೋರಿಸಿತು. ಹಳದಿ ಕೋರೆಗಳು, ಅವಳ ಕಿರುಬೆರಳಿನಷ್ಟು ಉದ್ದ. ಅವಳು ತುಟಿ ಮುಚ್ಚಿದಳು. ಕಣ್ಣು ನೆಲಕ್ಕೆ ಹಾಕಿದಳು. ಬಾಗಿಲಲ್ಲೇ ನೆಲಕ್ಕೆ ಕೂತಳು.

ಕೂತ ರಭಸಕ್ಕೆ ಚೀಲದಿಂದ ಒಂದಿಷ್ಟು ಕ್ರೀಮು ನೆಲಕ್ಕೆ ಬಿತ್ತು. ಕೋತಿಯ ಮೂಗು ಅತ್ತ ತಿರುಗಿತು.

ಅದನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಕೂತಲ್ಲೇ ಹಿಂದಕ್ಕೆ ಸರಿಯುತ್ತ, ಅಡುಗೆಮನೆಯ ಕಡೆಗೆ ನೆಲದ ಮೇಲೆ ಕ್ರೀಮಿನ ಮುದ್ದೆಗಳನ್ನು ಇಡುತ್ತ ಹೋದಳು. ಕೋತಿ ಪಾದ ಬಿಟ್ಟಿತು. ಮೊದಲ ಮುದ್ದೆಯನ್ನು ಬೆರಳಲ್ಲಿ ಬಳಿದು ನೆಕ್ಕಿತು. ಎರಡನೆಯದಕ್ಕೆ ಬಂತು. ಬಾ, ಬಾ, ಇತ್ತ ಬಾ ಎಂದು ಅವಳು ಮನಸ್ಸಿನಲ್ಲೇ ಬೇಡುತ್ತಿದ್ದಳು. ಅದು ಹತ್ತಿರ ಬಂದಂತೆಲ್ಲ ಅದರ ಹುಳಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಮಗುವಿನಿಂದ ದೂರವಾದಷ್ಟೂ ತನಗೆ ಹತ್ತಿರ. ಆಗಲಿ, ಅಷ್ಟೇ ಸಾಕು.

ಆದರೆ ಪುಟ್ಟಿಗೆ ಆಟ ಅರ್ಧಕ್ಕೇ ನಿಂತದ್ದು ಸರಿಬರಲಿಲ್ಲ. ಹಾಸಿಗೆಯಿಂದ ಇಳಿದು, ಪುಟ್ಟ ಅಂಗೈಗಳನ್ನು ನೆಲಕ್ಕೆ ಪಟಪಟ ಬಡಿಯುತ್ತ, ಕೋತಿಯ ಹಿಂದೆಯೇ ಅಂಬೆಗಾಲಿಟ್ಟು ಬಂದಳು. ಬಂದವಳೇ ಬಾಲ ಹಿಡಿದು ಎಳೆದಳು.

ಆಮೇಲಿನದೆಲ್ಲ ಒಂದೇ ಉಸಿರಿನಲ್ಲಿ ನಡೆದುಹೋಯಿತು. ಕೋತಿ ಗಿರ್ರನೆ ತಿರುಗಿತು. ಅವಳು ಚೀಲವನ್ನು ಅಡುಗೆಮನೆಯೊಳಕ್ಕೆ ಎಸೆದು, ಹಾರಿ ಮಗುವಿನ ಮೇಲೆ ಬೋರಲು ಬಿದ್ದಳು. ಮುಂಗೈಗೆ ಕಾದ ಕಬ್ಬಿಣ ಇಟ್ಟಂತಾಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಕೈ ಎಳೆದರೆ ಕೆಳಗೆ ಇರುವುದು ಮಗುವಿನ ತಲೆ. ಕಚ್ಚಿದ ಹಲ್ಲು ಸಡಿಲವಾಯಿತು. ಬೆನ್ನ ಮೇಲೆ ಕಾಲಿಟ್ಟು ಭಾರವಾದದ್ದೊಂದು ಹಾರಿಹೋಯಿತು. ಅಡುಗೆಮನೆಯಲ್ಲಿ ಮಣೆ ಉರುಳಿತು.

ಅವಳು ಮಗುವನ್ನು ಬಾಚಿ ತಬ್ಬಿಕೊಂಡು ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿದಳು. ಪುಟ್ಟಿ ಈಗ ಅಳತೊಡಗಿದಳು. ಅವಳ ಮೈಮೇಲೆಲ್ಲ ರಕ್ತ. ಅಂಗಿ ಬಿಚ್ಚಿ, ನೀರು ಹಾಕಿ, ಕಿವಿ, ಕತ್ತು, ಬೆನ್ನು ಎಲ್ಲ ತಡವಿ ನೋಡಿದಳು. ಒಂದು ಗೀರೂ ಇರಲಿಲ್ಲ. ರಕ್ತವೆಲ್ಲ ತನ್ನದೇ ಎಂದು ತಿಳಿದಾಗ ಅವಳು ಮೊದಲ ಸಲ ಅತ್ತಳು.

"ನರ್ಸಕ್ಕಾ! ನರ್ಸಕ್ಕಾ!" ಎಂದು ಗಾಳಿಕಿಂಡಿಗೆ ಬಾಯಿಟ್ಟು ಕೂಗಿದಳು.

ಕೆಳಗಿನಿಂದ ಓಡಿ ಬಂದ ನರ್ಸಕ್ಕ ಮುಂಬಾಗಿಲು ಬಡಿದಳು. "ಬಾಗ್ಲು ತೆಗಿಯಮ್ಮ! ಏನಾಯ್ತು?"

"ಅದು ಒಳಗಿದೆ ಅಕ್ಕಾ. ನಾನು ಆಚೆ ಬರಲ್ಲ. ಬರೋಕಾಗಲ್ಲ."

"ಕಚ್ತಾ? ಸೋಪು ಹಾಕಿ ನಲ್ಲಿ ಕೆಳಗೆ ಹಿಡ್ಕೊ. ತೊಳೀತಾನೇ ಇರು. ನಿನ್ ಗಂಡಂಗೆ ಫೋನ್ ಮಾಡ್ತೀನಿ."

ಅವಳು ತೊಳೆಯುತ್ತಲೇ ಇದ್ದಳು. ಆಚೆ ಡಬ್ಬಗಳು ಬೀಳುತ್ತಿದ್ದವು, ಗಾಜು ಒಡೆಯುತ್ತಿತ್ತು. ಆಮೇಲೆ ಎಲ್ಲ ನಿಂತುಹೋಯಿತು. ಸದ್ದಿಗಿಂತ ಆ ಮೌನವೇ ಘೋರವಾಗಿತ್ತು. ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಒಂದು ನೆರಳು ಬಂದು ನಿಂತಿತು. ಹಾಕಿದ ಚಿಲಕ ಸಣ್ಣಗೆ ಅಲ್ಲಾಡಿತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಎದುರಿನ ಗೋಡೆಗೆ ಕಾಲೊತ್ತಿ, ಮಗುವಿನ ಬಾಯಿಯನ್ನು ತನ್ನ ಎದೆಗೆ ಒತ್ತಿಕೊಂಡು ಕೂತಳು.

ಆಗ ಹಿಂಬದಿಯಿಂದ, ಪಕ್ಕದ ಮನೆಯ ಬಾಲ್ಕನಿಯಿಂದ ಇರಬೇಕು, ನಾಲಿಗೆ ಲೊಟಗುಟ್ಟಿಸುವ ಸದ್ದು ಕೇಳಿಸಿತು. ಲೊಟ್, ಲೊಟ್. "ಬಾರಪ್ಪ. ಬಾ, ಬಾ. ಇಲ್ಲಿದ್ದೀನಿ ನೋಡು."

ಮಾವನ ದನಿ. ತಪಾಸಣೆಯಿಂದ ಮರಳಿ, ಮುಂಬಾಗಿಲು ಹಾಕಿದ್ದು ಕಂಡು ಪಕ್ಕದ ಮನೆಗೆ ಹೋಗಿರಬೇಕು. ಅಷ್ಟು ಅಕ್ಕರೆಯಿಂದ ಅವರು ಯಾರನ್ನೂ ಕರೆದದ್ದನ್ನು ಅವಳು ಕೇಳಿರಲಿಲ್ಲ. ನೆರಳು ಸರಿಯಿತು. ನಾಲ್ಕು ಕಾಲುಗಳು ಮೆತ್ತಗೆ ಹೆಜ್ಜೆಯಿಡುತ್ತ, ಕರೆದ ಕಡೆಗೆ, ಮನೆಯ ಪ್ರಾಣಿಯ ಹಾಗೆ ನಡೆದುಹೋದವು.

ಅವಳಿಗೆ ಎಲ್ಲ ಅರ್ಥವಾಯಿತು.

*

ಆಸ್ಪತ್ರೆಯಿಂದ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ ಸಂಜೆ, ಮಾವ ಕೇಳದೆಯೇ ಮಾತಾಡಿದರು. ಕೇಕಿನ ಮೇಲ್ಭಾಗ ಸಮ ಮಾಡುವಾಗ ಉಳಿಯುವ ಚೂರುಗಳನ್ನು ಅವಳು ದಿನಾ ಒಂದು ತಟ್ಟೆಯಲ್ಲಿ ಅವರಿಗೆ ಕೊಡುತ್ತಿದ್ದಳು. ಡಾಕ್ಟರು ಅವರಿಗೆ ಸಿಹಿ ಬೇಡವೆಂದು ಹೇಳಿ ಎಷ್ಟೋ ಕಾಲವಾಗಿತ್ತಂತೆ.

"ನೀನು ಅಷ್ಟು ಪ್ರೀತಿಯಿಂದ ತಂದ್ಕೊಡ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಒಂದಿನ ಅದು ಬಂದು ಬಾಲ್ಕನೀಲಿ ಎದುರಿಗೆ ಕೂತ್ಕೊಳ್ತು. ಕೊಟ್ಟೆ. ಆಮೇಲೆ ದಿನಾ ಬರ್ತಿತ್ತು. ಕೈಯಿಂದಾನೇ ತಗೋತಿತ್ತು ಕಣಮ್ಮ, ಒಂದು ದಿನಾನೂ ಕಿತ್ಕೊಳ್ಲಿಲ್ಲ. ಇವತ್ತು ಹೋಗುವಾಗ ಬಾಲ್ಕನಿ ಬಾಗ್ಲು ಹಾಕೋದು ಮರೆತೆ."

"ಅಪ್ಪಾ, ಮಗು ಸತ್ತಿದ್ರೆ?" ಗಂಡನ ದನಿ ಒಡೆದುಹೋಗಿತ್ತು. "ಇವಳು ಬಾಯಿ ಬಾಯಿ ಬಡ್ಕೊಂಡ್ಲು, ಹೆದ್ರಿಕೆ ಆಗುತ್ತೆ ಅಂತ. ನಿಮಗೆ ಕಿವಿ ಕೇಳಿಸ್ತಿತ್ತು ತಾನೆ?"

"ನಿಮಗೂ ಕೇಳಿಸ್ತಿತ್ತು," ಎಂದಳು ಅವಳು.

ಆ ಮಾತು ಅಲ್ಲಿಗೇ ನಿಂತಿತು.

ಕೋತಿ ಹಿಡಿಯುವವನು ಬೋನು ತಂದು ಬಾಲ್ಕನಿಯಲ್ಲಿಟ್ಟ. ಬಾಳೆಹಣ್ಣು ಇಟ್ಟ, ಕಡಲೆ ಇಟ್ಟ. ಇನ್ಸ್‌ಪೆಕ್ಟರ್ ಎದುರಿನ ಗೋಡೆಯ ಮೇಲೆ ಕೂತು ಎಲ್ಲವನ್ನೂ ನೋಡಿತೇ ಹೊರತು ಹತ್ತಿರ ಸುಳಿಯಲಿಲ್ಲ. "ಶ್ಯಾನೆ ಬುದ್ಧಿವಂತ ಇದು. ನನ್ನನ್ನೇ ಬೋನಿಗೆ ಹಾಕ್ಬಿಡುತ್ತೆ," ಎಂದು ಅವನು ಬೆವರೊರೆಸಿಕೊಂಡ. ಆಮೇಲೆ ಕೇಳಿದ, "ಯಾರ ಕೈಯಿಂದ ತಿನ್ತಿತ್ತು?"

ಮಾವ ಎದ್ದರು. ಅವಳತ್ತ ತಿರುಗಿ, "ಒಂದು ತುಂಡು ಕೊಡಮ್ಮ," ಎಂದರು.

ಕೊಡಲು ಅವಳಿಗೆ ಕೈ ಬರಲಿಲ್ಲ, ಗಂಡನೇ ಕೊಟ್ಟ. ಅವಳು ಮಗುವನ್ನೆತ್ತಿಕೊಂಡು ನರ್ಸಕ್ಕನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೂ ಕೇಳಿಸಿತು, ಮೊದಲು ಆ ಲೊಟ್ ಲೊಟ್, ಆಮೇಲೆ ಕಬ್ಬಿಣದ ಬಾಗಿಲು ಬಿದ್ದ ಸದ್ದು, ಆಮೇಲೆ ಕಟ್ಟಡವೇ ನಡುಗುವಂಥ ಕಿರುಚಾಟ. ಬೋನನ್ನು ಮೆಟ್ಟಿಲಿಳಿಸಿ ವ್ಯಾನಿಗೆ ಹಾಕಿ ಕಾಡಿನ ಕಡೆಗೆ ಒಯ್ದರು. ಮಾವ ಅದು ಹೋಗುವವರೆಗೂ ಬಾಲ್ಕನಿಯಲ್ಲಿ ನಿಂತಿದ್ದರು. ಒಳಗೆ ಬಂದಾಗ ಅವರ ಮುಖ ನೋಡಿ ಗಂಡ ತಾನೇ ಕುರ್ಚಿ ಸರಿಸಿಕೊಟ್ಟ.

ಕೋತಿ ಹೋಯಿತು, ಅವಳ ಭಯ ಹೋಗಲಿಲ್ಲ. ಕೈಯ ಗಾಯ ಮಾಗಿತು, ಇಂಜೆಕ್ಷನ್ನುಗಳೂ ಮುಗಿದವು. ಆದರೆ ಒಳಕೋಣೆಯಲ್ಲಿ ಯಾರು ಎದ್ದರೂ, ಯಾರು ಕೂತರೂ ಅವಳು ಬೆಚ್ಚುತ್ತಿದ್ದಳು. ಕೇಕಿನ ಮುಂದೆ ಕೂತವಳು ಮೂರು ಸಲ ಎದ್ದು ಮಗುವನ್ನು ನೋಡಿ ಬರುತ್ತಿದ್ದಳು. ಮಾವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅವರು ಮಾಡಿದ್ದು ಬೇರೆ. ಯಾರೂ ಹೇಳದೆ, ತಾವು ಅಲ್ಲಾಡಿದಾಗಲೆಲ್ಲ ಒಳಗಿನಿಂದ ಕೂಗಿ ತಿಳಿಸಲು ಶುರುಮಾಡಿದರು. "ನಾನು ಕಣಮ್ಮ, ಏಳ್ತಿದ್ದೀನಿ." "ನೀರು ಕುಡಿಯೋಕೆ ಬರ್ತಿದ್ದೀನಿ ಕಣಮ್ಮ." "ಬಾಗ್ಲು ನೋಡಿದೆ, ಹಾಕಿದೆ." ಜೀವಮಾನದಲ್ಲಿ ಆಡದಷ್ಟು ಮಾತನ್ನು ಒಂದೇ ತಿಂಗಳಲ್ಲಿ ಆಡಿದರು. ಗಂಡ ಒಂದು ಭಾನುವಾರ ತಡೆಯಲಾರದೆ, "ಅಪ್ಪಾ, ಇದೇನು ರೇಡಿಯೋ ವಾರ್ತೆನಾ?" ಎಂದ.

"ನಿಂಗಲ್ಲ ಕಣೋ ಹೇಳಿದ್ದು," ಎಂದರು ಮಾವ.

ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಲೆಯೆತ್ತಲಿಲ್ಲ. "ಹೇಳ್ಲಿ ಬಿಡಿ," ಎಂದಳು. "ನಂಗೆ ಬೇಕು."