ಕಾಜಾ ಅಕ್ಕನ ಪಕ್ಕದ ಸ್ವಿಚ್ಚು

ಆ ಹೊಲಿಗೆ ಅಂಗಡಿಯ ಒಡತಿಗೆ ನಲವತ್ತೇಳು ತುಂಬಿತ್ತು. ಆದರೂ ಎಲ್ಲರ ಬಾಯಲ್ಲೂ ಅವಳು ಚಿಕ್ಕ ಮಾಸ್ಟರೇ. ದೊಡ್ಡ ಮಾಸ್ಟರ್ ಎಂದರೆ ಅವಳ ಅಪ್ಪ. ಕೈ ನಡುಗಲು ಶುರುವಾದ ಮೇಲೆ ಅವರು ಬಟ್ಟೆ ಕತ್ತರಿಸುವ ಕೆಲಸವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದರು, ಕುರ್ಚಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕೂತರೆಂದರೆ ಸಂಜೆ ಬಾಗಿಲಿಗೆ ಬೀಗ ಬೀಳುವವರೆಗೂ ಅವರ ಕಣ್ಣು ಕತ್ತರಿಸುವ ಮೇಜಿನ ಮೇಲೇ ಇರುತ್ತಿತ್ತು.

ಮಹಡಿಯ ಮೇಲಿನ ಒಂದೇ ಉದ್ದನೆಯ ಕೋಣೆ ಅದು. ನಡುವೆ ಮೇಜು, ಗೋಡೆಯುದ್ದಕ್ಕೂ ನಾಲ್ಕು ಹೊಲಿಗೆ ಯಂತ್ರ, ಮೂಲೆಯಲ್ಲಿ ಇಸ್ತ್ರಿ ಹಲಗೆ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಗುಂಡಿಯ ಕಾಜಾ ಹಾಕುವವಳು ಕಾಜಾ ಅಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಕನ್ನಡಕ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ ಎನಿಸಿದ ಅಣ್ಣತಮ್ಮಂದಿರಿಬ್ಬರು ಯಂತ್ರಗಳ ಮುಂದೆ. ಇಸ್ತ್ರಿ ಮಾಡುವವನಿಗೆ ಹೂಂ ಅಣ್ಣ ಎಂದು ಹೆಸರು ಬಿದ್ದಿತ್ತು. ಏನೇ ಕೇಳಿ, ಅವನಿಂದ ಹೊರಡುವುದು ಒಂದು "ಹೂಂ". ಮದುವೆಗೆ ಒಪ್ಪಿಗೆಯೂ ಹಾಗೇ ಕೊಟ್ಟಿದ್ದನೆಂದು ಅವನ ಹೆಂಡತಿಯೇ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು.

ಆ ಕೋಣೆಗೆ ಒಂದು ಕಾನೂನಿತ್ತು. ಬಟ್ಟೆಗೆ ಸೀಮೆಸುಣ್ಣ ತಾಗಿದಾಗಿನಿಂದ ಕೊನೆಯ ಪದರ ಬೇರೆಯಾಗುವವರೆಗೂ ಯಾರೂ ತುಟಿ ಪಿಟಕ್ಕೆನ್ನಬಾರದು. ಕಾನೂನಿಗೆ ಕಾರಣವೂ ಇತ್ತು. ಹಿಂದೊಮ್ಮೆ ಯಾರೋ ಹಿಂದಿನಿಂದ ಕೂಗಿದರೆಂದು ದೊಡ್ಡ ಮಾಸ್ಟರ್ ತಿರುಗಿ ನೋಡಿದ್ದರು, ಕರೆಂಟಿನ ಕತ್ತರಿ ಅವರ ಎಡಗೈ ತೋರುಬೆರಳಿನ ತುದಿಯನ್ನು ಬಟ್ಟೆಯ ಜೊತೆಗೇ ಕತ್ತರಿಸಿಕೊಂಡು ಹೋಗಿತ್ತು. ಆಮೇಲೆ ಉದ್ದ ಮಾಸ್ಟರ್ ಎಂಬ ಒಬ್ಬ ಹೊಲಿಗೆಯವನು ಒಂದು ದಿನ ಧೈರ್ಯ ಮಾಡಿ, "ಮಾಸ್ಟರ್, ತೋಳು ಗಿಡ್ಡ ಬರುತ್ತೆ ಅನ್ಸುತ್ತೆ" ಎಂದ. ದೊಡ್ಡ ಮಾಸ್ಟರ್ ಕತ್ತರಿ ನಿಲ್ಲಿಸಲಿಲ್ಲ. ಪೂರ್ತಿ ಕತ್ತರಿಸಿ ಮುಗಿಸಿ, ಕೈ ಒರೆಸಿಕೊಂಡು, "ನಾಳೆಯಿಂದ ಬರಬೇಡ" ಎಂದರು. ತೋಳುಗಳು ಗಿಡ್ಡವಾದವು. ದೊಡ್ಡ ಮಾಸ್ಟರ್ ಮಾತ್ರ ಬಟ್ಟೆ ಕುಗ್ಗಿತು ಎಂದರು. ಅಂದಿನಿಂದ ಆ ಕೋಣೆಯಲ್ಲಿ ಎಲ್ಲರ ಬಾಯಿಗೂ ಬೀಗ.

ಚಿಕ್ಕ ಮಾಸ್ಟರ್ ಆ ಕಾನೂನನ್ನು ಮೇಜು ಕತ್ತರಿಯಂತೆ ಆಸ್ತಿಯ ಜೊತೆ ಪಡೆದಿದ್ದಳು. ಸುಮ್ಮನಿರುವ ಕೋಣೆಯಲ್ಲಿ ಕೆಲಸ ಮಾಡುವುದು ಅವಳಿಗೂ ಹಿತವಾಗಿಯೇ ಇತ್ತು, ಆ ಸೋಮವಾರದವರೆಗೆ.

ಹೊಸದಾಗಿ ತೆರೆಯಲಿದ್ದ ಹೋಟೆಲಿನವರು ಮೂವತ್ತು ಮಖಮಲ್ಲಿನ ಕೋಟು ಹೊಲಿಯಲು ಕೊಟ್ಟಿದ್ದರು. ಬಟ್ಟೆ ಅವರದೇ, ಕೆಂಗಂದು ಬಣ್ಣದ್ದು. ಶನಿವಾರ ಹೋಟೆಲಿನ ಆರಂಭ. ಈ ಮೂವತ್ತು ಒಪ್ಪಿಗೆಯಾದರೆ ವರ್ಷವಿಡೀ ಅವರ ಎಲ್ಲ ಕೆಲಸಗಾರರ ಉಡುಪೂ ಇಲ್ಲಿಗೇ ಬರುತ್ತದೆ. ಆಗದಿದ್ದರೆ ಈ ಕೋಣೆಯಲ್ಲಿ ಎಲ್ಲರಿಗೂ ಆಗುವಷ್ಟು ಕೆಲಸವಿಲ್ಲ. ಎದುರು ಬೀದಿಯ ದೊಡ್ಡ ಕಾರ್ಖಾನೆಯವರು ಅಣ್ಣತಮ್ಮಂದಿರನ್ನು ಎರಡು ಸಲ ಕರೆದೂ ಆಗಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಸೋಮವಾರ ಚಿಕ್ಕ ಮಾಸ್ಟರ್ ಬಟ್ಟೆಯನ್ನು ಮೂವತ್ತು ಪದರ ಹಾಸಿದಳು. ಮಖಮಲ್ಲಿನ ಎಳೆ ಒಂದೇ ಕಡೆಗೆ ಮಲಗಿರುತ್ತದೆ, ಆದ್ದರಿಂದ ಅದನ್ನು ಮಡಿಸಿ ಹಾಸುವಂತಿಲ್ಲ, ಪ್ರತಿ ಪದರವೂ ಮುಖ ಮೇಲಾಗಿಯೇ ಇರಬೇಕು. ಕೋಟಿನ ಮುಂಭಾಗದ ರಟ್ಟಿನ ಅಚ್ಚನ್ನು ಇಟ್ಟು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಪಕ್ಕದಲ್ಲೇ ಅದೇ ಅಚ್ಚಿಟ್ಟು ಇನ್ನೊಂದು. ಕಾಜಾ ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು. ಬಾಯಿ ತೆರೆದಂತೆ ಮಾಡಿ, ಮತ್ತೆ ಸೂಜಿಗೆ ಬಗ್ಗಿದಳು. ಕತ್ತರಿ ಗುಂಯ್‌ಗುಟ್ಟಿತು.

ಮಂಗಳವಾರ ಬೆಳಗ್ಗೆ ಅಣ್ಣತಮ್ಮಂದಿರಲ್ಲಿ ದೊಡ್ಡವನು ಎರಡು ತುಂಡು ಹಿಡಿದುಕೊಂಡು ಬಂದ.

"ಮಾಸ್ಟರ್, ಇವೆರಡೂ ಎಡಗಡೆದೇ. ಬಲಗಡೆದು ಎಲ್ಲಿಟ್ಟಿದ್ದೀರಿ?"

ಅವಳು ರಾಶಿಯತ್ತ ನೋಡಿದಳು. ಬಲಗಡೆಯದು ಎಲ್ಲೂ ಇರಲಿಲ್ಲ. ಎರಡನೆಯ ಗೆರೆ ಎಳೆಯುವಾಗ ಅಚ್ಚನ್ನು ಮಗುಚಿ ಇಡಬೇಕಿತ್ತು, ಮರೆತಿದ್ದಳು. ಬೇರೆ ಬಟ್ಟೆಯಾಗಿದ್ದರೆ ತುಂಡನ್ನೇ ತಿರುಗಿಸಿದರೆ ಎಡ ಬಲವಾಗುತ್ತಿತ್ತು, ಮಖಮಲ್ಲಿನ ಹಿಂಬದಿ ಬರೀ ಬೋಳು. ಮೂವತ್ತು ಕೋಟಿಗೆ ಅರವತ್ತು ಎಡ, ಒಂದೂ ಬಲವಿಲ್ಲ. ಉಳಿದಿದ್ದ ಬಟ್ಟೆ ನಾಲ್ಕು ಕೋಟಿಗೂ ಸಾಲದು.

ಅವಳು ನೇರವಾಗಿ ಕಾಜಾ ಅಕ್ಕನ ಹತ್ತಿರ ಹೋದಳು.

"ಅಕ್ಕಾ, ನಿನ್ನೆ ನಿಮಗೆ ಇದು ಕಾಣಿಸ್ತಾ?"

"ಕಾಣಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸೀಮೆಸುಣ್ಣ ಇಟ್ಟಾಗಿತ್ತಲ್ಲಮ್ಮ" ಎಂದಳು ಕಾಜಾ ಅಕ್ಕ. ಅದರಲ್ಲಿ ಕುಹಕವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ಚಿಕ್ಕ ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು. ಇಂಥ ಹೊತ್ತಿನಲ್ಲಿ ಬೈಯುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ, ಅದಕ್ಕೆ ಬೇಕಾದ ಮಾತೆಲ್ಲ ನಾಲಿಗೆಯ ತುದಿಗೇ ಬಂದು ಕೂತಿರುತ್ತದೆ. ಇಪ್ಪತ್ತೆರಡು ವರ್ಷ ಅನ್ನ ತಿಂದ ಜಾಗ, ಮುಳುಗುವುದನ್ನು ನೋಡುತ್ತಾ ಕೂತಿದ್ದಿರಲ್ಲ, ಎಂದು ಅವಳು ಅಂದುಬಿಡುತ್ತಿದ್ದಳು. ಆದರೆ ಉದ್ದ ಮಾಸ್ಟರ್ ಚೀಲ ಹೆಗಲಿಗೇರಿಸಿ ಆ ಬಾಗಿಲಿನಿಂದ ಹೊರಗೆ ಹೋದದ್ದನ್ನು ಇದೇ ಸ್ಟೂಲಿನಿಂದ ಕಾಜಾ ಅಕ್ಕ ನೋಡಿದ್ದಳು. ಅವಳು ಕಲಿತ ಪಾಠವನ್ನು ಕಲಿಸಿದವರು ಈ ಮನೆಯವರೇ. ಈಗ ಚೆನ್ನಾಗಿ ಕಲಿತಿದ್ದೀರಿ ಎಂದು ಬೈಯುವುದು ಯಾವ ನ್ಯಾಯ?

ಕಿಟಕಿಯ ಕಡೆಯಿಂದ ಅಪ್ಪ ಕೈ ಸನ್ನೆ ಮಾಡಿ ಕರೆದರು. ಬಗ್ಗಿದವಳ ಕಿವಿಯಲ್ಲಿ ಹೇಳಿದರು. "ಹೋಟೆಲಿನವರಿಗೆ ಫೋನ್ ಮಾಡು. ನೀವು ಕೊಟ್ಟ ಬಟ್ಟೇನೇ ಕಡಿಮೆ ಇತ್ತು ಅನ್ನು. ಇವರ ಮುಂದೆ ನನ್ನ ತಪ್ಪು ಅಂತ ಮಾತ್ರ ಬಾಯಿ ಬಿಡಬೇಡ. ಒಂದ್ಸಲ ಬಿಟ್ರೆ ಆಮೇಲೆ ಯಾರೂ ನಿನ್ನ ಮಾತು ಕೇಳಲ್ಲ."

"ಕೇಳ್ತಾರಪ್ಪ" ಎಂದಳು. ಗಟ್ಟಿಯಾಗಿಯೇ ಎಂದಳು, ಕೋಣೆಗೆಲ್ಲ ಕೇಳಿಸುವ ಹಾಗೆ. ಅವಳಿಗೆ ಆ ಗಟ್ಟಿತನ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ, ಬಂದದ್ದಂತೂ ನಿಜ. ಯಂತ್ರಗಳನ್ನು ನಿಲ್ಲಿಸಲು ಹೇಳಿ, ಎಲ್ಲರನ್ನೂ ಮೇಜಿನ ಸುತ್ತ ಕರೆದಳು.

"ನೋಡಿ, ಅಚ್ಚು ಮಗುಚಿ ಇಡೋದನ್ನ ಮರೆತದ್ದು ನಾನು. ಬಟ್ಟೆದೂ ತಪ್ಪಿಲ್ಲ, ನಿಮ್ಮಲ್ಲಿ ಯಾರದೂ ತಪ್ಪಿಲ್ಲ. ಇವತ್ತು ಮಂಗಳವಾರ, ಶುಕ್ರವಾರ ಸಂಜೆಗೆ ಮೂವತ್ತು ಕೋಟು ಬೇಕು. ದಾರಿ ನನಗೆ ಗೊತ್ತಿಲ್ಲ. ನಿಮಗೆ ಹೊಳೆದದ್ದು ಹೇಳಿ, ಹುಚ್ಚುಚ್ಚಾಗಿದ್ರೂ ಪರವಾಗಿಲ್ಲ."

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ನೆಲ ನೋಡಿದ, ಹೂಂ ಅಣ್ಣ ಹೂಂ ಎಂದು ಕೂಡ ಅನ್ನಲಿಲ್ಲ. ವರ್ಷಗಟ್ಟಲೆ ತುಕ್ಕು ಹಿಡಿದ ಬೀಗ ಒಂದು ಮಾತಿಗೆ ತೆರೆದುಕೊಳ್ಳುವುದಿಲ್ಲ. ಅವಳಿಗೆ ನಾಚಿಕೆಯಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ, ಮೌನ ತುಂಬಲು ತಾನೇ ಏನಾದರೂ ಹೇಳಲೂ ಇಲ್ಲ. ಕಾಯುತ್ತಾ ನಿಂತಳು.

ಕೊನೆಗೆ ಕಾಜಾ ಅಕ್ಕ ಒಂದು ಎಡ ತುಂಡನ್ನು ಎಳೆದುಕೊಂಡಳು. ಅದರ ಮೇಲೆ ಬೆರಳಲ್ಲೇ ಭುಜದಿಂದ ಕೆಳಗಿನವರೆಗೆ ಒಂದು ಗೆರೆ ಎಳೆದಳು.

"ಬಲಗಡೆದು ಇಡೀ ತುಂಡಾಗಿ ಇದರಲ್ಲಿ ಬರಲ್ಲ. ಎರಡು ಪಟ್ಟಿ ಮಾಡಿದ್ರೆ ಬರುತ್ತೆ. ಅಗಲದ್ದು ಇದರಲ್ಲಿ, ಕಂಕುಳ ಕಡೆದು ಉಳಿದ ಬಟ್ಟೇಲಿ. ನಡುವೆ ಒಂದು ಜೋಡು ಹೊಲಿಗೆ."

"ಆಗ ಬಲಗಡೆ ಹೊಲಿಗೆ ಕಾಣುತ್ತೆ, ಎಡಗಡೆ ಕಾಣಲ್ಲ" ಎಂದ ತಮ್ಮ.

"ಎಡಗಡೆನೂ ಹಾಗೇ ಸೀಳಿ ಹೊಲಿ" ಎಂದ ಅಣ್ಣ. "ಹೊಲಿಗೆ ಮೇಲೆ ಬಂಗಾರದ ಬಣ್ಣದ ದಾರ ಕೂರಿಸಿದ್ರೆ, ಬೇಕು ಅಂತಲೇ ಮಾಡಿದ ಹಾಗಿರುತ್ತೆ."

ಇಬ್ಬರೂ ಇಷ್ಟು ಮಾತಾಡಿದ್ದನ್ನು ಚಿಕ್ಕ ಮಾಸ್ಟರ್ ಕೇಳಿಯೇ ಇರಲಿಲ್ಲ. ಮಧ್ಯಾಹ್ನದೊಳಗೆ ಒಂದು ಕೋಟು ಸಿದ್ಧವಾಯಿತು. ಹೂಂ ಅಣ್ಣ ಮಖಮಲ್ಲಿನ ಎಳೆ ಒತ್ತಿಹೋಗದಂತೆ ಇಸ್ತ್ರಿ ಪೆಟ್ಟಿಗೆಯನ್ನು ತಾಗಿಸದೆ ಬರೀ ಹಬೆ ಕೊಟ್ಟು ಅದನ್ನು ಎಬ್ಬಿಸಿದ.

ಅವಳು ಕೋಟನ್ನು ತೋಳ ಮೇಲೆ ಹಾಕಿಕೊಂಡು ಹೋಟೆಲಿಗೆ ಹೊರಟಳು. ಕಾಜಾ ಅಕ್ಕನನ್ನೂ ಕರೆದುಕೊಂಡಳು. ಹೋಟೆಲಿನ ಮ್ಯಾನೇಜರ್ ಬಣ್ಣದ ಡಬ್ಬಿಗಳ ನಡುವೆ ನಿಂತು ಯಾರನ್ನೋ ಗದರಿಸುತ್ತಿದ್ದರು. ಅವಳು ಸುತ್ತಿ ಬಳಸಲಿಲ್ಲ.

"ಸರ್, ಬಟ್ಟೆ ಕತ್ತರಿಸುವಾಗ ನಾನು ತಪ್ಪು ಮಾಡಿದೆ. ನೀವು ಕೇಳಿದ ಹಾಗೇ ಬೇಕು ಅಂದ್ರೆ ಬಟ್ಟೆ ನಾನೇ ತರಿಸಿ ಹೊಲಿದುಕೊಡ್ತೀನಿ, ಆದ್ರೆ ಶನಿವಾರಕ್ಕೆ ಆಗಲ್ಲ. ಶನಿವಾರಕ್ಕೆ ಬೇಕು ಅಂದ್ರೆ ಹೀಗಾಗುತ್ತೆ. ಈ ದಾರಿ ಯೋಚನೆ ಮಾಡಿದ್ದು ಇವರು."

ಮ್ಯಾನೇಜರ್ ಕೋಟು ತೊಟ್ಟು ಕನ್ನಡಿಯ ಎದುರು ಹಿಂದೆ ಮುಂದೆ ತಿರುಗಿದರು. ದಾರದ ಮೇಲೆ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. "ಬೆಳಗ್ಗೆಯಿಂದ ಇಲ್ಲಿಗೆ ಬಂದವರೆಲ್ಲ ಇನ್ಯಾರದೋ ತಪ್ಪು ಹೇಳಿ ಹೋದ್ರು. ನಿಮ್ಮದೇ ಅಂತ ಹೇಳಿದವರು ನೀವೊಬ್ರೇ" ಎಂದರು. ಆಮೇಲೆ, "ಇದೇ ಇರಲಿ. ಶುಕ್ರವಾರ ತಪ್ಪಬಾರದು" ಎಂದರು.

ವಾಪಸು ನಡೆಯುವಾಗ ಕಾಜಾ ಅಕ್ಕ ಬೀದಿಯ ತಿರುವಿನಲ್ಲಿ ನಿಂತಳು. ಆಮೇಲೆ, "ನನ್ನ ಹೆಸರು ಯಾಕೆ ಎಳೆದಿರಿ ಅಲ್ಲಿ? ನಾಚಿಕೆ ಆಗೋಯ್ತು" ಎಂದು ಮುಖ ಆ ಕಡೆ ತಿರುಗಿಸಿಕೊಂಡಳು. ಖುಷಿಯಾದಾಗ ಅವಳು ಮುಖ ತಿರುಗಿಸಿಕೊಳ್ಳುತ್ತಾಳೆಂಬುದು ಚಿಕ್ಕ ಮಾಸ್ಟರಿಗೆ ಅವತ್ತೇ ಗೊತ್ತಾದದ್ದು.

ಶುಕ್ರವಾರ ನಾಲ್ಕೂವರೆಗೆ ಮೂವತ್ತನೆಯ ಕೋಟಿಗೆ ಗುಂಡಿ ಬಿತ್ತು.

ಕೋಟು ಒಪ್ಪಿಗೆಯಾಗಿ ಹೋಟೆಲಿನ ಕೆಲಸ ಕೈಗುಳಿಯಿತು, ಸರಿ. ಆದರೆ ಒಂದು ಕೋಟು ಚೆನ್ನಾಗಿ ಬಂದ ಮಾತ್ರಕ್ಕೆ ಜನರ ಬಾಯಿ ತೆರೆದೇ ಇರುತ್ತದೆಂದು ನಂಬುವಷ್ಟು ಹಸುಗೂಸಲ್ಲ ಅವಳು. ಮುಂದಿನ ವಾರ ಕರೆಂಟಿನವನನ್ನು ಕರೆಸಿ, ಮೇಜಿನ ಕತ್ತರಿಯ ಸ್ವಿಚ್ಚನ್ನು ತನ್ನ ಹಿಂದಿನ ಗೋಡೆಯಿಂದ ಕೀಳಿಸಿ ಕಾಜಾ ಅಕ್ಕನ ಸ್ಟೂಲಿನ ಪಕ್ಕಕ್ಕೆ ಹಾಕಿಸಿದಳು.

"ಅಪ್ಪನ ಕಾನೂನು ಹಾಗೇ ಇರುತ್ತೆ" ಎಂದು ಎಲ್ಲರಿಗೂ ಹೇಳಿದಳು. "ಕತ್ತರಿ ಓಡುವಾಗ ಯಾರೂ ಕೂಗಬಾರದು, ಬೆರಳಿನ ಪ್ರಶ್ನೆ. ಆದ್ರೆ ಸೀಮೆಸುಣ್ಣದ ಗೆರೆ ಎಳೆದ ಮೇಲೆ ಎಲ್ಲರೂ ಬಂದು ನೋಡಿಯೇ ಕತ್ತರಿ ಶುರು. ಆಮೇಲೂ ಅನುಮಾನ ಬಂದ್ರೆ ಸ್ವಿಚ್ ಆರಿಸಿ. ಯಾರು ಬೇಕಾದ್ರೂ ಆರಿಸಬಹುದು. ನನ್ನ ಕೇಳಬೇಕಾಗಿಲ್ಲ."

"ಇನ್ನು ಅಂಗಡಿ ಉದ್ಧಾರ ಆದಹಾಗೇ" ಎಂದರು ಅಪ್ಪ, ಕಿಟಕಿಯ ಕಡೆಯಿಂದ.

ಎರಡು ವಾರ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಮೂರನೆಯ ವಾರ ಹೋಟೆಲಿನ ಅಡುಗೆಯವರ ಬಿಳಿ ಅಂಗಿಗಳು. ಮಡಿಸಿ ಹಾಸಿದ ಸಾದಾ ಹತ್ತಿ ಬಟ್ಟೆ, ನಲವತ್ತು ಪದರ. ಎಲ್ಲರೂ ನೋಡಿ ತಲೆಯಾಡಿಸಿ ಹೋದರು. ಕತ್ತರಿ ತೋಳಿನ ತಿರುವಿನಲ್ಲಿ ಅರ್ಧ ದಾರಿಗೆ ಬಂದಿತ್ತು. ನಿಲ್ಲಿಸಬಾರದ ಜಾಗವೆಂದರೆ ಅದೇ.

ಕತ್ತರಿ ನಿಂತುಹೋಯಿತು.

ತಿರುಗಿ ನೋಡಿದರೆ ಸ್ವಿಚ್ಚಿನ ಮೇಲೆ ಹೂಂ ಅಣ್ಣನ ಕೈ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಾಜಾ ಅಕ್ಕನ ಸೂಜಿ ನಿಂತಿತು, ಅಣ್ಣತಮ್ಮಂದಿರ ಕಾಲು ಪೆಡಲಿನ ಮೇಲೆ ನಿಂತಿತು.

"ತೋಳು... ಎಲ್ಲಾ ಒಂದೇ ಕಡೆದು" ಎಂದ ಅವನು. ಅವನ ಬಾಯಿಂದ ಅಷ್ಟುದ್ದದ ಮಾತು ಬಂದದ್ದು ಅದೇ ಮೊದಲು.

ಮೊದಲ ಗಳಿಗೆಯಲ್ಲೇ ಅವಳಿಗೆ ಗೊತ್ತಾಯಿತು, ಅವನೆಂದದ್ದು ತಪ್ಪು. ಮಡಿಸಿ ಹಾಸಿದ ಬಟ್ಟೆಯಲ್ಲಿ ಒಂದು ಪದರ ಎಡವಾದರೆ ಮುಂದಿನದು ತಾನಾಗಿ ಬಲ. ಮಖಮಲ್ಲಿನ ಪಾಠವನ್ನು ಅವನು ಹತ್ತಿಗೂ ಹಚ್ಚಿದ್ದ. ಇತ್ತ ತಿರುವಿನಲ್ಲಿ ನಿಂತ ಕತ್ತರಿ ಮೇಲಿನ ನಾಲ್ಕು ಪದರಗಳ ಅಂಚನ್ನು ಹರಿದಿತ್ತು. ಸಿಟ್ಟು ಬಂತು, ಸುಳ್ಳೇಕೆ? ಆದರೆ ಕೋಣೆಯಲ್ಲಿದ್ದ ಒಂದೊಂದು ಕಣ್ಣೂ ಈಗ ಅವಳ ಬಾಯಿಯನ್ನೇ ನೋಡುತ್ತಿದೆ ಎಂಬುದೂ ಗೊತ್ತಿತ್ತು. ಸ್ವಿಚ್ಚು ಉಳಿಯುವುದೋ ಗೋಡೆಯ ಮೇಲಿನ ಗೊಂಬೆಯಾಗುವುದೋ ಇನ್ನೊಂದು ಮಾತಿನಲ್ಲಿ ತೀರ್ಮಾನವಾಗಲಿತ್ತು.

"ಬನ್ನಿ ಅಣ್ಣ, ನೋಡೋಣ" ಎಂದಳು.

ಪದರ ಪದರವಾಗಿ ಎತ್ತಿ ತೋರಿಸಿದಳು. ಎಡ, ಬಲ, ಎಡ, ಬಲ. ಹೂಂ ಅಣ್ಣನ ಕಿವಿ ಕೆಂಪಾಯಿತು.

"ಸರಿಯಾಗೇ ಇದೆ. ಆದ್ರೂ ಆರಿಸಿದ್ದು ಒಳ್ಳೇದು ಮಾಡಿದಿರಿ. ಮತ್ತೆ ಅನುಮಾನ ಬಂದ್ರೆ ಮತ್ತೆ ಆರಿಸಿ" ಎಂದಳು. ಹರಿದ ನಾಲ್ಕು ಅಂಚುಗಳನ್ನು ಅವನ ಕಣ್ಣಿಗೆ ಬೀಳದಂತೆ ಒಳಕ್ಕೆ ಮಡಿಸಿದಳು. ಅವನ ಕಣ್ಣಿಗೆ ಬೀಳಲಿಲ್ಲ, ಕಿಟಕಿಯ ಪಕ್ಕದ ಕಣ್ಣಿಗೆ ಬಿತ್ತು.

ಬೆತ್ತದ ಕುರ್ಚಿ ಕಿರುಗುಟ್ಟಿತು. ದೊಡ್ಡ ಮಾಸ್ಟರ್ ಎದ್ದು ಮೇಜಿನ ತನಕ ಬಂದರು. ಹರಿದ ಅಂಚನ್ನು ತುದಿಯಿಲ್ಲದ ಬೆರಳಿನಿಂದ ಒಮ್ಮೆ ಮುಟ್ಟಿದರು. ಮಗಳ ಕಡೆ ನೋಡಲಿಲ್ಲ, ಕಾಜಾ ಅಕ್ಕನ ಕಡೆ ನೋಡಿದರು.

"ಅವತ್ತು ಬಟ್ಟೆ ಕುಗ್ಗಿರಲಿಲ್ಲ" ಎಂದರು. "ಉದ್ದ ಮಾಸ್ಟರ್ ಹೇಳಿದ್ದೇ ಸರಿ ಇತ್ತು."

"ಗೊತ್ತು ದೊಡ್ಡ ಮಾಸ್ಟರೇ" ಎಂದಳು ಕಾಜಾ ಅಕ್ಕ. "ನಮಗೆಲ್ಲ ಅವತ್ತೇ ಗೊತ್ತಿತ್ತು."

ಅವರು ತಲೆಯಾಡಿಸಿದರು. ಹೂಂ ಅಣ್ಣನ ಕಡೆ ತಿರುಗಿ, "ಸ್ವಿಚ್ ಹಾಕಪ್ಪ, ಕೆಲಸ ನಿಂತಿದೆ" ಎಂದರು.

ಹೂಂ ಅಣ್ಣ ತಕ್ಷಣ ಹಾಕಲಿಲ್ಲ. ಮೊದಲು ಚಿಕ್ಕ ಮಾಸ್ಟರರ ಎರಡು ಕೈಯೂ ಕತ್ತರಿಯಿಂದ ದೂರ ಇವೆಯೇ ಎಂದು ನೋಡಿಕೊಂಡ, ಆಮೇಲೆ ಹಾಕಿದ.